ಚಿಮಣಿ ಹೊಗೆಯ ಬಣ್ಣ ನೋಡಿ ಸ್ಟೀಮ್ ಇಂಜಿನ್‌ಗೆ ಕಲ್ಲಿದ್ದಲು ಹಾಕುವುದು

ಸ್ಟೀಮ್ ಇಂಜಿನ್ ಚಿತ್ರ ಬರಿ ಅಂದರೆ ಮಕ್ಕಳು ಮೊದಲು ಬಳಿಯುವುದು ಕಪ್ಪು ಹೊಗೆ. ಫೋಟೊ ತೆಗೆಯುವವರಿಗೂ ಅದೇ ಬೇಕು. ಅವರು ಹಳಿ ಪಕ್ಕ ಕ್ಯಾಮೆರಾ ಹಿಡಿದು ನಿಂತಿರುವುದು ಕಂಡರೆ ಬೇಕಂತಲೇ ನಾಲ್ಕು ಸಲಿಕೆ ಜಾಸ್ತಿ ಹಾಕುವ ಫೈರ್‌ಮನ್‌ಗಳೂ ಇದ್ದಾರೆ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಸಲಿಕೆ ಹಿಡಿದವರ ಲೆಕ್ಕದಲ್ಲಿ ಅದು ದಂಡ. ನೀವು ಬೆನ್ನು ಬಗ್ಗಿಸಿ ಎತ್ತಿ ಹಾಕಿದ ಕಲ್ಲಿದ್ದಲಿನ ಒಂದು ಪಾಲು ನೀರು ಕಾಯಿಸದೆ ಸೀದಾ ಆಕಾಶಕ್ಕೆ ಹೋಗುತ್ತಿದೆ.

ಈ ಬರಹ ಈಗಷ್ಟೇ ಸಲಿಕೆ ಹಿಡಿದವರಿಗೆ. ಹೊಗೆಯ ಬಣ್ಣ ಏನು ಹೇಳುತ್ತದೆ, ಅದನ್ನು ಕಂಡ ಮೇಲೆ ಕೈ ಏನು ಮಾಡಬೇಕು, ಇಷ್ಟೇ ವಿಷಯ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಗೆ ಅರ್ಧ ಸಾಕ್ಷಿ ಮಾತ್ರ. ಇನ್ನರ್ಧ ಪ್ರೆಶರ್ ಗೇಜಿನ ಮುಳ್ಳು. ಚಿಮಣಿ ನೋಡಿದ ಕಣ್ಣು ಕೂಡಲೇ ಮುಳ್ಳಿನ ಕಡೆ ಹೊರಳಬೇಕು. ಎರಡನ್ನೂ ಸೇರಿಸಿ ಓದದಿದ್ದರೆ ಹೊಗೆ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಕಲ್ಲಿದ್ದಲು ಎರಡು ಸಲ ಉರಿಯುತ್ತದೆ

ಬಣ್ಣಗಳಿಗೆ ಹೋಗುವ ಮೊದಲು ಇದೊಂದು ತಲೆಯಲ್ಲಿ ಕೂರಬೇಕು. ಹೊಸ ಕಲ್ಲಿದ್ದಲು ಕೆಂಡದ ಮೇಲೆ ಬಿದ್ದ ಕೂಡಲೇ ಗಟ್ಟಿ ಇದ್ದಲಾಗಿ ಉರಿಯುವುದಿಲ್ಲ. ಮೊದಲು ಅದು ಕಾಯುತ್ತದೆ. ಒಳಗಿನ ಅನಿಲ, ಡಾಂಬರಿನ ಆವಿ ಎಲ್ಲ ಹೊರಗೆ ಬರುತ್ತದೆ. ಅದು ಉರಿಯುವುದು ಕೆಂಡದ ಹಾಸಿನ ಮೇಲೆ, ಫೈರ್‌ಬಾಕ್ಸಿನ ಖಾಲಿ ಜಾಗದಲ್ಲಿ. ಅನಿಲ ಎಲ್ಲ ಹೋದ ಮೇಲೆ ಉಳಿದ ಗಟ್ಟಿ ಇಂಗಾಲ ಕೆಳಗೆ ಜಾಲರಿಯ ಮೇಲೆ ಕೆಂಡವಾಗಿ ಉರಿಯುತ್ತದೆ.

ಎರಡಕ್ಕೂ ಗಾಳಿ ಬರುವ ದಾರಿ ಬೇರೆ ಬೇರೆ. ಕೆಂಡಕ್ಕೆ ಗಾಳಿ ಕೆಳಗಿನಿಂದ, ಬೂದಿ ತೊಟ್ಟಿಯ ಡ್ಯಾಂಪರ್ (ಗಾಳಿ ಬಿಡುವ, ತಡೆಯುವ ಮುಚ್ಚಳ) ಮೂಲಕ. ಮೇಲಿನ ಅನಿಲಕ್ಕೆ ಗಾಳಿ ಬಾಗಿಲಿನಿಂದ, ಅಂದರೆ ನೀವು ಕಲ್ಲಿದ್ದಲು ಹಾಕುವ ಅದೇ ಬಾಯಿಂದ. 1 ಕಿಲೊ ಒಳ್ಳೆ ಕಲ್ಲಿದ್ದಲು ಪೂರ್ತಿ ಉರಿಯಲು ಲೆಕ್ಕಕ್ಕೇ ಸುಮಾರು 10-11 ಕಿಲೊ ಗಾಳಿ ಬೇಕು, ಕೆಲಸದಲ್ಲಿ ಇನ್ನೂ ಜಾಸ್ತಿ. ಈ ಗಾಳಿಯನ್ನು ಎಳೆಯುವುದು ಯಾರು? ಸಿಲಿಂಡರಿನಲ್ಲಿ ಕೆಲಸ ಮುಗಿಸಿ ಬಂದ ಉಗಿ. ಅದು ಚಿಮಣಿಯ ಬುಡದ ಪೆಟ್ಟಿಗೆಯಾದ ಸ್ಮೋಕ್‌ಬಾಕ್ಸಿನ ಬ್ಲಾಸ್ಟ್ ಪೈಪಿನಿಂದ ಚಿಮಣಿಗೆ ಚಿಮ್ಮುವಾಗ, ಬಾಯ್ಲರಿನ ನೀರಿನ ನಡುವೆ ಹಾದುಹೋಗುವ ಟ್ಯೂಬುಗಳ ಮೂಲಕ ಬೆಂಕಿಯ ಅನಿಲವನ್ನು ಜಗ್ಗುತ್ತದೆ. ಇಂಜಿನ್ ಎಷ್ಟು ಕಷ್ಟಪಡುತ್ತದೋ ಬೆಂಕಿಗೆ ಅಷ್ಟು ಗಾಳಿ. ಯಾರು ಯೋಚಿಸಿದರೋ, ಜಾಣತನ ಅಂದರೆ ಇದು.

ಹೊಸ ಅನಿಲ ಉರಿಯಲು ಮೂರು ಬೇಕು: ಗಾಳಿ, ಕಾವು, ಸ್ವಲ್ಪ ಹೊತ್ತು. ಇಂಜಿನ್ ಏರು ಹತ್ತುವಾಗ ಅನಿಲ ಫೈರ್‌ಬಾಕ್ಸಿನಲ್ಲಿ ಇರುವುದೇ ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೇ ಒಳಗೆ ಇಟ್ಟಿಗೆ ಕಮಾನು ಕಟ್ಟಿರುತ್ತಾರೆ. ಅನಿಲ ಸೀದಾ ಟ್ಯೂಬಿಗೆ ನುಗ್ಗದೆ ಬಾಗಿಲ ಕಡೆಗೆ ಬಳಸಿ ಹೋಗಬೇಕು, ಕೆಂಪಗೆ ಕಾದ ಇಟ್ಟಿಗೆಯಿಂದ ಕಾವೂ ಸಿಗುತ್ತದೆ. ಈ ಮೂರರಲ್ಲಿ ಒಂದು ಕಡಿಮೆಯಾದರೂ ಅನಿಲದಲ್ಲಿನ ಇಂಗಾಲ ಉರಿಯದೆ ಮಸಿಯಾಗುತ್ತದೆ. ಕಪ್ಪು ಹೊಗೆ ಅಂದರೆ ಈ ಮಸಿಯೇ.

ಹೊಗೆಯ ತಲೆನೋವು ರೈಲಿನಷ್ಟೇ ಹಳೆಯದು. 1829ರಲ್ಲಿ ಇಂಗ್ಲೆಂಡಿನಲ್ಲಿ ರೈಲು ಇಂಜಿನ್‌ಗಳಿಗೆ ನಡೆದ ರೇನ್‌ಹಿಲ್ ಪಂದ್ಯದ ಷರತ್ತಿನಲ್ಲೇ ಇಂಜಿನ್ ತನ್ನ ಹೊಗೆಯನ್ನು ತಾನೇ ಸುಟ್ಟುಕೊಳ್ಳಬೇಕು ಎಂದಿತ್ತು. 1845ರಲ್ಲಿ ಬ್ರಿಟನ್ ಅದನ್ನು ಕಾನೂನೇ ಮಾಡಿತು. ಹಾಗಾಗಿ ಮೊದಮೊದಲ ಇಂಜಿನ್‌ಗಳು ಸುಟ್ಟಿದ್ದು ಹೆಚ್ಚಾಗಿ ಕೋಕ್, ಅಂದರೆ ಅನಿಲವನ್ನು ಮೊದಲೇ ತೆಗೆದ ಕಲ್ಲಿದ್ದಲು. 1850ರ ದಶಕದ ಕೊನೆಗೆ ಮಿಡ್‌ಲ್ಯಾಂಡ್ ರೈಲ್ವೆಯಲ್ಲಿ ಚಾರ್ಲ್ಸ್ ಮಾರ್ಕ್‌ಹ್ಯಾಮ್ ಇಟ್ಟಿಗೆ ಕಮಾನನ್ನು ಪ್ರಯೋಗ ಮಾಡಿ ಪಳಗಿಸಿದ ಮೇಲೆಯೇ ಹಸಿ ಕಲ್ಲಿದ್ದಲನ್ನು ನೆಮ್ಮದಿಯಾಗಿ ಸುಡಲು ಆಗಿದ್ದು.

ಎಲ್ಲಿ ನೋಡಬೇಕು

ಚಿಮಣಿಯ ಬಾಯಲ್ಲೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಉಗಿ, ಹೊಗೆ ಎರಡೂ ಕಲಸಿಕೊಂಡಿರುತ್ತವೆ. ಸ್ವಲ್ಪ ಹಿಂದಕ್ಕೆ ನೋಡಿ. ಉಗಿ ಸ್ವಲ್ಪ ದೂರ ಹೋಗಿ ಗಾಳಿಯಲ್ಲಿ ಕರಗಿಬಿಡುತ್ತದೆ. ಕರಗಿದ ಮೇಲೆ ಏನು ಉಳಿಯಿತೋ ಅದೇ ಹೊಗೆ. ಚಳಿಯ ಬೆಳಗ್ಗೆ ಉಗಿ ಬೇಗ ಕರಗುವುದಿಲ್ಲ, ಆಗ ಇನ್ನೂ ಹಿಂದಕ್ಕೆ ನೋಡಬೇಕು. ಬಿಸಿಲಿನ ದಿನ ಉಗಿ ಕಾಣುವುದೇ ಕಡಿಮೆ, ಹೊಗೆ ಓದಲು ಅದೇ ಸುಲಭ.

ಕಪ್ಪು ಎಷ್ಟು ಕಪ್ಪು ಅನ್ನುವುದಕ್ಕೆ ಒಂದು ಅಳತೆಯೂ ಇದೆ. 1888ರ ಹೊತ್ತಿಗೆ ಪ್ಯಾರಿಸ್ಸಿನ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಮಾಡಿದ ಚಾರ್ಟ್. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗಳ ಬಲೆ. 1ನೇ ನಂಬರಿನಲ್ಲಿ 20% ಕಪ್ಪು, 2ರಲ್ಲಿ 40%, ಹೀಗೆ 5ಕ್ಕೆ ಪೂರ್ತಿ ಕಪ್ಪು. ಕ್ಯಾಬಿನಲ್ಲಿ ಚಾರ್ಟ್ ಹಿಡಿದು ಯಾರೂ ನಿಲ್ಲುವುದಿಲ್ಲ ಬಿಡಿ. ಆದರೆ ಕಣ್ಣು ಪಳಗಲಿ ಅಂತ ಒಂದೆರಡು ಸಲ ಹೋಲಿಸಿ ನೋಡುವುದು ಒಳ್ಳೆಯದು.

ಒಂದು ಸುತ್ತು ಹಾಕಿ ನೋಡೋಣ

ಇಂಜಿನ್ ಏರು ಹತ್ತುತ್ತಿದೆ. ರೆಗ್ಯುಲೇಟರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವ ಕವಾಟ, ತೆರೆದಿದೆ, ಚಿಮಣಿಯಲ್ಲಿ ಒಳ್ಳೆಯ ಜಗ್ಗು ಇದೆ. ಹೊಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವ ಹಾಗಾಗಿದೆ. ಮುಳ್ಳು ನಿಂತಲ್ಲೇ ನಿಂತಿದೆ. ಇದೇ ಹಾಕುವ ಹೊತ್ತು. ಮುಳ್ಳು ಇಳಿಯಲಿ ಅಂತ ಕಾಯಬೇಡಿ. ಇಳಿಯಲು ಶುರುವಾದ ಮೇಲೆ ಹಾಕಿದರೆ ಆಗಲೇ ತಡ. ಹೊಸ ಕಲ್ಲಿದ್ದಲು ಮೊದಲು ಕಾವು ತಿನ್ನುತ್ತದೆ, ಆಮೇಲೆ ಕೊಡುತ್ತದೆ.

ಬಾಗಿಲು ತೆಗೆಯಿರಿ. ಒಳಗೆ ಬರೀ ಬೆಳಕು, ಏನೂ ಕಾಣುವುದಿಲ್ಲ. ಸಲಿಕೆಯ ಬಾಯನ್ನು ಮಗುಚಿ ಜ್ವಾಲೆಯೊಳಗೆ ಚಾಚಿ. ಸಲಿಕೆ ಜ್ವಾಲೆಯನ್ನು ಸೀಳುತ್ತದೆ, ಅದರಡಿ ನುಗ್ಗುವ ತಣ್ಣನೆ ಗಾಳಿಯ ಸಂದಿಯಲ್ಲಿ ಕೆಂಡದ ಹಾಸು ನಿಚ್ಚಳವಾಗಿ ಕಾಣುತ್ತದೆ. ಸಲಿಕೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಮೂಲೆ ಮೂಲೆ ನೋಡಬಹುದು. ಕಣ್ಣು ಕುಕ್ಕುವ ಬಿಳಿ ಇದ್ದಲ್ಲಿ ಕೆಂಡ ಚೆನ್ನಾಗಿ ಉರಿಯುತ್ತಿದೆ, 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮಂಕು ಕೆಂಪು ಇದ್ದಲ್ಲಿ 800ಕ್ಕೂ ಕಡಿಮೆ ಇರಬಹುದು, ಅಲ್ಲಿ ಹಾಸು ತೀರ ದಪ್ಪ ಇಲ್ಲವೇ ಕೆಳಗೆ ಕಿಟ್ಟ ಕಟ್ಟಿದೆ. ಬಿಳಿ ಇದ್ದಲ್ಲಿ ಹಾಕಿ, ಕೆಂಪು ಇದ್ದಲ್ಲಿ ಹಾಕಬೇಡಿ. ನಿಯಮ ಇಷ್ಟೇ.

ಆರು ಸಲಿಕೆ ಅಂದುಕೊಳ್ಳಿ. ಬಾಗಿಲ ಪಕ್ಕದ ಎರಡು ಮೂಲೆಗೆ ಒಂದೊಂದು, ಎರಡು ಬದಿಗೆ ಒಂದೊಂದು, ಮುಂದೆ ಟ್ಯೂಬುಗಳು ಶುರುವಾಗುವ ಗೋಡೆಯ (ಟ್ಯೂಬ್ ಪ್ಲೇಟ್) ಕಡೆ ತೆಳ್ಳಗೆ ಒಂದು, ಬಾಗಿಲಿನ ಕೆಳಗೆ ಒಂದು. ಗಡ್ಡೆಗಳು ಮುಷ್ಟಿ ಗಾತ್ರ ಇದ್ದರೆ ಸಾಕು, ದೊಡ್ಡದಿದ್ದರೆ ಮೊದಲೇ ಸುತ್ತಿಗೆಯಲ್ಲಿ ಒಡೆದಿಡಿ. ಒಂದೇ ಕಡೆ ಸುರಿದು ಗುಡ್ಡೆ ಮಾಡಬೇಡಿ. ಆ ಗುಡ್ಡೆಯ ಒಳಗೆ ಗಾಳಿ ಹೋಗುವುದಿಲ್ಲ, ಅನಿಲ ಮಾತ್ರ ಹೊರಗೆ ಬರುತ್ತಲೇ ಇರುತ್ತದೆ.

ಬಾಗಿಲನ್ನು ಪೂರ್ತಿ ಮುಚ್ಚದೆ ಎರಡು ಬೆರಳಷ್ಟು ಸಂದಿ ಬಿಡಿ. ಈಗ ತಲೆ ಹೊರಗೆ ಹಾಕಿ ಚಿಮಣಿ ನೋಡಿ. ಮೊದಲ ಕೆಲವು ಸೆಕೆಂಡು ಗಾಢ ಬೂದು, ಸ್ವಲ್ಪ ಕಪ್ಪೂ ಇರಬಹುದು. ಹೆದರಬೇಡಿ, ಅದು ಸಹಜ. ಮನಸ್ಸಿನಲ್ಲೇ ಎಣಿಸಿ. ಹತ್ತು, ಹದಿನೈದಕ್ಕೆ ಕಪ್ಪು ಹೋಗಿ ಬೂದು ಬರಬೇಕು. ಮೂವತ್ತರ ಹೊತ್ತಿಗೆ ತೆಳು ಬೂದು, ಹಿಂದಿನ ಮರ ಅದರ ಮೂಲಕ ಕಾಣುವಷ್ಟು. ಕಲ್ಲಿದ್ದಲು, ಇಂಜಿನ್ನಿನ ದುಡಿತ ನೋಡಿಕೊಂಡು ಲೆಕ್ಕ ಹೆಚ್ಚುಕಮ್ಮಿ ಆಗುತ್ತದೆ, ಆದರೆ ಎಣಿಸುವ ಅಭ್ಯಾಸ ಬಿಡಬೇಡಿ. ಬೂದು ತೆಳ್ಳಗಾದ ಮೇಲೆ ಬಾಗಿಲು ಮುಚ್ಚಿ. ಅನಿಲ ಮುಗಿದ ಮೇಲೂ ಸಂದಿ ಬಿಟ್ಟರೆ ಸುಮ್ನೆ ತಣ್ಣನೆ ಗಾಳಿ ಒಳಗೆ ಹೋಗಿ ಟ್ಯೂಬುಗಳನ್ನು ತಂಪು ಮಾಡುತ್ತದೆ. ಬೂದು ಪೂರ್ತಿ ಮಾಯವಾಗುವ ಹೊತ್ತಿಗೆ ಮತ್ತೆ ಆರು ಸಲಿಕೆ.

ಹಾಗಾಗಿ ಗುರಿ ಹೊಗೆಯೇ ಇಲ್ಲದಿರುವುದಲ್ಲ. ತೆಳು ಬೂದು ಬಂದು ಹೋಗಿ, ಬಂದು ಹೋಗಿ ಮಾಡುತ್ತಿರಬೇಕು. ಉಸಿರಾಟದ ಹಾಗೆ.

ಕಪ್ಪು ಹೊಗೆ ಬಿಡದಿದ್ದರೆ

ಅರ್ಧ ನಿಮಿಷ ಕಳೆದರೂ ಕಪ್ಪು ಹೋಗಿಲ್ಲ ಅಂದುಕೊಳ್ಳಿ. ಮುಳ್ಳು ನೋಡಿ.

ಮುಳ್ಳು ಏರುತ್ತಿದ್ದರೆ ಅಥವಾ ನಿಂತಿದ್ದರೆ ದೊಡ್ಡ ತೊಂದರೆ ಏನಿಲ್ಲ. ಕಾವು ಇದೆ, ಮೇಲಿನ ಗಾಳಿ ಸಾಲುತ್ತಿಲ್ಲ. ಬಾಗಿಲನ್ನು ಇನ್ನೊಂದು ಬೆರಳು ತೆಗೆಯಿರಿ, ಹೊಗೆ ತಿಳಿಯಾಗುವುದು ನಿಮ್ಮ ಕಣ್ಣೆದುರೇ ಕಾಣುತ್ತದೆ. ಮುಂದಿನ ಸುತ್ತಿಗೆ ಎರಡು ಸಲಿಕೆ ಕಡಿಮೆ ಹಾಕಿ.

ಕಪ್ಪು ಹೊಗೆಯೂ ಇದೆ, ಮುಳ್ಳೂ ಇಳಿಯುತ್ತಿದೆ ಅಂದರೆ ಬೆಂಕಿಯನ್ನು ನೀವೇ ಕಲ್ಲಿದ್ದಲಿನಲ್ಲಿ ಹೂತುಬಿಟ್ಟಿದ್ದೀರಿ. ಇಲ್ಲೇ ಎಲ್ಲರೂ ಎಡವುವುದು. ನಾನೂ ಎಡವಿದ್ದೇನೆ. ಪ್ರೆಶರ್ ಇಳಿಯಿತು ಅಂತ ಗಾಬರಿಯಾಗಿ ಇನ್ನೂ ಎಂಟು ಸಲಿಕೆ ಹಾಕಿದೆ, ಹೊಗೆ ಇನ್ನೂ ದಪ್ಪವಾಯಿತು, ಮುಳ್ಳು ಇನ್ನೂ ಇಳಿಯಿತು, ಮತ್ತೆ ಸಲಿಕೆಗೆ ಕೈ ಹಾಕಿದೆ. ಡ್ರೈವರ್ ಏನೂ ಮಾತಾಡಲಿಲ್ಲ. ಬಂದು ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು ಅದರ ಮೇಲೆ ಕಾಲಿಟ್ಟು ನಿಂತುಬಿಟ್ಟರು. ನಾಲ್ಕೈದು ನಿಮಿಷ ಹಾಗೇ ನಿಂತಿದ್ದರು. ಅಷ್ಟರಲ್ಲಿ ಚಿಮಣಿ ತಿಳಿಯಾಯಿತು, ಮುಳ್ಳು ತಾನಾಗಿಯೇ ಮೇಲೆ ಹತ್ತಿತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರಲ್ಲ, ಇಲ್ಲಿ ಹೊಗೆ ಜಾಸ್ತಿ ಆಗಿದ್ದೇ ಬೆಂಕಿ ಕಡಿಮೆ ಆಗಿದ್ದಕ್ಕೆ.

ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು: ಹಾಕುವುದನ್ನು ನಿಲ್ಲಿಸಿ. ಡ್ಯಾಂಪರ್ ಪೂರ್ತಿ ತೆಗೆಯಿರಿ. ಬಾಗಿಲು ಸಂದಿ ಬಿಡಿ, ಬೇಕಿದ್ದರೆ ಬ್ಲೋವರ್ (ಬಾಯ್ಲರಿನ ಉಗಿಯನ್ನು ಸೀದಾ ಚಿಮಣಿಗೆ ಚಿಮ್ಮಿಸಿ ಗಾಳಿ ಎಳೆಯುವುದು) ಸ್ವಲ್ಪ ಕೊಡಿ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಸಾಕಷ್ಟಿದ್ದರೆ ಮಾತ್ರ, ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಒಂದೆರಡು ನಿಮಿಷ ನಿಲ್ಲಿಸಬಹುದು. ಆಮೇಲೆ ಕಾಯಿರಿ. ಕಾಯುವುದೇ ಕಷ್ಟದ ಕೆಲಸ.

ಇಷ್ಟಾದರೂ ಸರಿಹೋಗದಿದ್ದರೆ ತಪ್ಪು ನಿಮ್ಮ ಸಲಿಕೆಯದ್ದಲ್ಲ. ಬೂದಿ ತೊಟ್ಟಿ ತುಂಬಿರಬಹುದು. ಜಾಲರಿಯ ಮೇಲೆ ಬೂದಿ ಕರಗಿ ಗಾಜಿನಂಥ ಕಿಟ್ಟ ಕಟ್ಟಿರಬಹುದು, ಅದನ್ನು ಸಲಾಕೆಯಿಂದ ಎಬ್ಬಿಸಬೇಕು. ಟ್ಯೂಬುಗಳಲ್ಲಿ ಮಸಿ ತುಂಬಿರಬಹುದು. ಇಲ್ಲವೇ ಸ್ಮೋಕ್‌ಬಾಕ್ಸಿನ ಬಾಗಿಲು ಸರಿಯಾಗಿ ಕೂತಿಲ್ಲ, ಅಲ್ಲಿಂದಲೇ ಗಾಳಿ ಎಳೆದುಕೊಂಡು ಬೆಂಕಿಗೆ ಜಗ್ಗು ಸಿಗುತ್ತಿಲ್ಲ. ಆ ಬಾಗಿಲಿನ ಅಂಚಿನಲ್ಲಿ ಬಣ್ಣ ಸುಟ್ಟು ಗುಳ್ಳೆ ಎದ್ದಿದ್ದರೆ ಅದೇ ಗುರುತು.

ಹೊಗೆ ಇಲ್ಲ ಅಂತ ಹಿಗ್ಗಬೇಡಿ

ಚಿಮಣಿ ಶುಭ್ರ, ಮುಳ್ಳು ಗಟ್ಟಿ. ಒಳ್ಳೆಯದು. ಚಿಮಣಿ ಶುಭ್ರ, ಮುಳ್ಳು ಇಳಿಯುತ್ತಿದೆ. ಇದು ಮೋಸ, ಕಪ್ಪು ಹೊಗೆಗಿಂತ ಕೆಟ್ಟ ಮೋಸ, ಯಾಕೆಂದರೆ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಸಾಮಾನ್ಯವಾಗಿ ಕೆಂಡದ ಹಾಸಿನಲ್ಲಿ ತೂತು ಬಿದ್ದಿರುತ್ತದೆ. ಗಾಳಿ ಸುಲಭದ ದಾರಿ ಹಿಡಿದು ಆ ತೂತಿನಿಂದ ನುಗ್ಗುತ್ತದೆ, ಉರಿಸದೆ ತಣ್ಣಗೇ ಟ್ಯೂಬಿಗೆ ಹೋಗುತ್ತದೆ. ಸಲಿಕೆ ಮಗುಚಿ ನೋಡಿದರೆ ಒಂದು ಕಡೆ ಸಣ್ಣ ಕೆಂಡಗಳು ಕುಣಿಯುತ್ತಿರುತ್ತವೆ. ತೂತು ಅಲ್ಲೇ. ಅಲ್ಲಿಗೆ ಮಾತ್ರ ಒಂದೆರಡು ಸಲಿಕೆ ಹಾಕಿ. ಜೋರಾಗಿ ಎಳೆಯುವ ಇಂಜಿನ್ನಿನಲ್ಲಿ, ಅದರಲ್ಲೂ ಚಕ್ರ ಜಾರಿ ಗಿರಗಿರ ತಿರುಗಿದ ಮೇಲೆ, ಒಂದು ಸಲ ಹಾಸು ನೋಡುವುದು ಅಭ್ಯಾಸ ಆಗಲಿ. ಆ ಹೊಡೆತಕ್ಕೆ ಕೆಂಡ ಎದ್ದು ಹಾರಿರುತ್ತದೆ.

ಇನ್ನೊಂದು ಸಾಧ್ಯತೆ ಕಣ್ಣಿಗೇ ಕಾಣದ್ದು. ಹಾಸು ದಪ್ಪ ಇದ್ದು ಗಾಳಿ ಸಾಲದಿದ್ದರೆ ಇಂಗಾಲ ಅರ್ಧಕ್ಕೇ ಉರಿದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಟುಹೋಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಂಗಾಲ ಪೂರ್ತಿ ಉರಿದರೆ ಕಿಲೊಗೆ ಸುಮಾರು 33 ಮೆಗಾಜೂಲ್ ಶಾಖ, ಅರ್ಧ ಉರಿದರೆ ಸುಮಾರು 10 ಮಾತ್ರ. ಅಂದರೆ ಕಪ್ಪು ಹೊಗೆಯೇ ಇಲ್ಲದೆಯೂ ಮೂರರಲ್ಲಿ ಎರಡು ಪಾಲು ಶಾಖ ಕಳೆದುಕೊಳ್ಳಬಹುದು. ಬಾಗಿಲು ತೆಗೆದಾಗ ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿದ್ದರೆ ಆ ಅನಿಲ ಇದೆ ಎಂದರ್ಥ. ಮೇಲೂ ಕೆಳಗೂ ಗಾಳಿ ಕೊಡಿ.

ಹಳದಿ, ಕಂದು

ಇದು ಬೆಳಗ್ಗೆ ಬೆಂಕಿ ಹೊತ್ತಿಸುವಾಗ ಬರುವ ಹೊಗೆ. ಫೈರ್‌ಬಾಕ್ಸ್ ತಣ್ಣಗಿದೆ, ಇಟ್ಟಿಗೆ ತಣ್ಣಗಿದೆ, ಡಾಂಬರಿನ ಆವಿ ಉರಿಯುವಷ್ಟು ಕಾವೇ ಇಲ್ಲ. ದಪ್ಪಗೆ, ಘಾಟಾಗಿ ಬರುತ್ತದೆ. ಸ್ವಲ್ಪ ಹೊತ್ತು ಸಹಿಸಿಕೊಳ್ಳಲೇಬೇಕು. ಒಣ ಸೌದೆ ಹಾಕಿ, ಕಲ್ಲಿದ್ದಲನ್ನು ತೆಳ್ಳಗೆ ಹರಡಿ, ನಿಧಾನವಾಗಿ ಕಾವೇರಲು ಬಿಡಿ. ಬಾಯ್ಲರಿಗೂ ನಿಧಾನವೇ ಒಳ್ಳೆಯದು, ಅವಸರದಲ್ಲಿ ಕಾಯಿಸಿದರೆ ಕೀಲುಗಳು, ಟ್ಯೂಬುಗಳು ಸೋರುತ್ತವೆ.

ಓಡುವಾಗ ಹಳದಿ ಕಂದು ಹೊಗೆ ಕಂಡರೆ ಮಾತ್ರ ಎಚ್ಚರ. ಬೆಂಕಿ ತಣ್ಣಗಾಗಿದೆ, ಮೇಲೆ ಹಸಿ ಕಲ್ಲಿದ್ದಲು ರಾಶಿ ಬಿದ್ದಿದೆ, ಒಳಗೆ ಉರಿಯದ ಅನಿಲ ತುಂಬಿದೆ. ಬಾಗಿಲನ್ನು ದಢಕ್ಕನೆ ತೆಗೆಯಬೇಡಿ. ಗಾಳಿ ಸಿಕ್ಕ ಕೂಡಲೇ ಅದು ಭಗ್ಗನೆ ಹೊತ್ತಿ ಕ್ಯಾಬಿನ ಕಡೆ ಬರಬಹುದು. ಮೊದಲು ಬ್ಲೋವರ್ ಕೊಟ್ಟು ಒಂದು ಪಕ್ಕಕ್ಕೆ ನಿಂತು ನಿಧಾನ ತೆಗೆಯಿರಿ.

ಈ ಬ್ಲೋವರ್ ವಿಷಯ ಬಂತಲ್ಲ, ಇನ್ನೊಂದು ಮಾತು. ಡ್ರೈವರ್ ರೆಗ್ಯುಲೇಟರ್ ಮುಚ್ಚಿದ ತಕ್ಷಣ ಬ್ಲಾಸ್ಟ್ ಇಲ್ಲ, ಜಗ್ಗೂ ಇಲ್ಲ. ಆಗ ಜ್ವಾಲೆ ಹಿಂದಕ್ಕೆ ಹೊಡೆಯಬಹುದು. ಸುರಂಗದ ಬಾಯಲ್ಲೂ ಹೀಗೇ. ಅದಕ್ಕೆ ಮುಚ್ಚುವ ಮೊದಲೇ ಬ್ಲೋವರ್ ತೆಗೆಯಬೇಕು, ಮುಚ್ಚಿದ ಮೇಲಲ್ಲ. ಸುರಂಗಕ್ಕೆ ಮುಂಚೆ ಬಾಗಿಲು ಮುಚ್ಚಿರಬೇಕು, ಹೊಸದಾಗಿ ಹಾಕಿರಬಾರದು. ಇದರಲ್ಲಿ ಸುಮ್ನೆ ತಮಾಷೆ ಮಾಡಬೇಡಿ, ಜನ ಸುಟ್ಟುಕೊಂಡಿದ್ದಾರೆ.

ಬಿಳಿ

ಕಲ್ಲಿದ್ದಲಿನ ಇಂಜಿನ್ನಿನಲ್ಲಿ ಬಿಳಿ ಅಂದರೆ ಬಹುಪಾಲು ಉಗಿಯೇ. ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಂಜಿನ್ ನಿಂತಿದೆ, ರೆಗ್ಯುಲೇಟರ್ ಮುಚ್ಚಿದೆ, ಬ್ಲೋವರೂ ಮುಚ್ಚಿದೆ, ಆದರೂ ಚಿಮಣಿಯಿಂದ ಬಿಳಿ ಬರುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ರೆಗ್ಯುಲೇಟರ್ ಇರಬಹುದು, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಇರಬಹುದು, ಟ್ಯೂಬ್ ಇರಬಹುದು. ಡ್ರೈವರಿಗೆ ಹೇಳಿ.

ಓಡುವಾಗ ಬಿಳಿಯ ಜೊತೆ ಕೊಳಕು ನೀರಿನ ಹನಿ ಮುಖಕ್ಕೆ ಸಿಡಿದರೆ, ಚಿಮಣಿಯ ಗತ್ತಿನ ಸದ್ದು ಮೊಂಡಾಗಿ ಭುಸ್ ಭುಸ್ ಅಂದರೆ, ಬಾಯ್ಲರಿನ ನೀರೇ ಸಿಲಿಂಡರಿಗೆ ಬರುತ್ತಿದೆ. ರೆಗ್ಯುಲೇಟರ್ ಇಳಿಸಿ, ಸಿಲಿಂಡರಿನ ನೀರು ಹೊರಬಿಡುವ ಸಿಲಿಂಡರ್ ಕಾಕ್ ತೆಗೆಯಬೇಕು. ಆಮೇಲೆ ಗೇಜ್ ಗ್ಲಾಸ್ ನೋಡಿ, ಏಕೆಂದರೆ ನೊರೆ ಇಳಿದ ಮೇಲೆ ನಿಜವಾದ ನೀರಿನ ಮಟ್ಟ ನೀವು ಅಂದುಕೊಂಡಿದ್ದಕ್ಕಿಂತ ಕೆಳಗಿರುತ್ತದೆ. ಹೊಗೆ ಎಷ್ಟೇ ಚೆನ್ನಾಗಿ ಓದಿದರೂ ನೀರಿನ ಬಗ್ಗೆ ಅದು ಒಂದಕ್ಷರ ಹೇಳುವುದಿಲ್ಲ.

ಎಣ್ಣೆಯ ಇಂಜಿನ್ ಆದರೆ ಲೆಕ್ಕ ಬದಲು. ಅಲ್ಲೂ ತೆಳು ಬೂದು ಒಳ್ಳೆಯದೇ, ಕಪ್ಪು ಅಂದರೆ ಎಣ್ಣೆ ಜಾಸ್ತಿ ಗಾಳಿ ಕಡಿಮೆ. ಆಗಾಗ ಟ್ಯೂಬಿನ ಮಸಿ ಕೆರೆಯಲು ಮರಳು ಎರಚಿದಾಗಲೂ ಕ್ಷಣ ಹೊತ್ತು ಕಪ್ಪು ಬರುತ್ತದೆ, ಅದು ಬೇರೆ. ಆದರೆ ದಟ್ಟ ಬಿಳಿ ಹೊಗೆ ಬಂತು ಅಂದರೆ ಬೆಂಕಿ ಆರಿಹೋಗಿ ಬಿಸಿ ಇಟ್ಟಿಗೆಯ ಮೇಲೆ ಎಣ್ಣೆ ಆವಿಯಾಗುತ್ತಿದೆ. ತಕ್ಷಣ ಎಣ್ಣೆ ಮುಚ್ಚಿ, ಬ್ಲೋವರ್ ಕೊಟ್ಟು ಒಳಗಿನದೆಲ್ಲ ಹೊರಗೆ ಹೋಗಲು ಬಿಡಿ, ಆಮೇಲೆ ಪಂಜು ಹಿಡಿದು ಹೊಸದಾಗಿ ಹೊತ್ತಿಸಿ. ಬಿಸಿ ಇಟ್ಟಿಗೆಯಿಂದಲೇ ಹೊತ್ತಿಕೊಳ್ಳಲಿ ಅಂತ ಎಣ್ಣೆ ತೆಗೆದರೆ ಸಿಡಿಯುತ್ತದೆ.

ಕಲ್ಲಿದ್ದಲು ಬದಲಾದರೆ

ವೇಲ್ಸ್‌ನ ಸ್ಟೀಮ್ ಕಲ್ಲಿದ್ದಲಿನಲ್ಲಿ ಅನಿಲ ಕಡಿಮೆ. ಅದು ಕಪ್ಪು ಹೊಗೆ ಕೊಟ್ಟರೆ ನೀವು ನಿಜಕ್ಕೂ ಏನೋ ದೊಡ್ಡ ತಪ್ಪು ಮಾಡಿದ್ದೀರಿ. ಅನಿಲ ಜಾಸ್ತಿ ಇರುವ ಕಲ್ಲಿದ್ದಲಾದರೆ ಒಂದು ಸಲಿಕೆ ಜಾಸ್ತಿಯಾದರೂ ಹೊಗೆ ಎದ್ದು ಕೂರುತ್ತದೆ, ಅದಕ್ಕೆ ಮೇಲಿನ ಗಾಳಿ ಧಾರಾಳ ಬೇಕು, ಸುತ್ತು ಸಣ್ಣದಿರಬೇಕು. ದಕ್ಷಿಣ ಆಫ್ರಿಕಾದಲ್ಲಿ 1981ರಲ್ಲಿ ಇಂಜಿನಿಯರ್ ಡೇವಿಡ್ ವಾರ್ಡೇಲ್ 3450 ನಂಬರಿನ ಇಂಜಿನ್ನನ್ನು ಮಾರ್ಪಡಿಸಿದಾಗ ಮಾಡಿದ್ದರಲ್ಲಿ ಇದೂ ಒಂದು. ಅರ್ಜೆಂಟೀನಾದ ಇಂಜಿನಿಯರ್ ಪೋರ್ಟಾ ಅವರ ಯೋಚನೆಯಂತೆ ಕೆಳಗಿನ ಗಾಳಿ ಕಡಿಮೆ ಮಾಡಿ ಫೈರ್‌ಬಾಕ್ಸಿನ ಗೋಡೆಯಲ್ಲೇ ತೂತು ಕೊಟ್ಟು ಮೇಲಿನ ಗಾಳಿ ಜಾಸ್ತಿ ಮಾಡಿದರು. ಕೆಂಪು ಬಣ್ಣದ ಆ ಇಂಜಿನ್ನಿಗೆ ರೆಡ್ ಡೆವಿಲ್ ಎಂದೇ ಹೆಸರು. ನಿಮ್ಮ ಹತ್ತಿರ ಅಂಥ ತೂತುಗಳಿಲ್ಲ, ಬಾಗಿಲಿನ ಸಂದಿ ಇದೆ. ಹೊಸ ಕಲ್ಲಿದ್ದಲು ಬಂದ ದಿನ ಮೊದಲ ಮೂರ್ನಾಲ್ಕು ಸುತ್ತು ಸಣ್ಣದಾಗಿ ಹಾಕಿ, ಕಪ್ಪು ಹೋಗಲು ಎಷ್ಟು ಎಣಿಕೆ ಬೇಕಾಯಿತು ಅಂತ ನೋಡಿ. ಆ ದಿನದ ಲೆಕ್ಕ ಅದೇ.

ರಾತ್ರಿ ಚಿಮಣಿ ಕಾಣುವುದಿಲ್ಲ ಅಲ್ವಾ, ಆಗ ಈ ಎಣಿಕೆಯೇ ಕೈ ಹಿಡಿಯುತ್ತದೆ. ಬಾಗಿಲ ಸಂದಿಯಲ್ಲಿ ಜ್ವಾಲೆಯ ತುದಿ ನೋಡಿ. ತುದಿ ಮಂಕು ಕೆಂಪಾಗಿ, ಸೋಮಾರಿಯಾಗಿ, ಕಪ್ಪು ಎಳೆ ಎಳೆಯುತ್ತಾ ಹೋಗುತ್ತಿದ್ದರೆ ಹೊರಗೆ ಕಪ್ಪು ಹೊಗೆ ಇದೆ. ಹಗಲಿನಲ್ಲಿ ಇಪ್ಪತ್ತೈದಕ್ಕೆ ತಿಳಿಯಾಗುತ್ತಿತ್ತು ಅಂದರೆ ರಾತ್ರಿಯೂ ಇಪ್ಪತ್ತೈದು ಎಣಿಸಿ ಬಾಗಿಲು ಮುಚ್ಚಿ, ಮುಳ್ಳು ನೋಡಿ.